ವಿನಾಯಿತಿ

“ಕಾರನ್ನ ಮುಟ್ಟೋ ಹಾಗಿಲ್ಲ ಅಂತಿದ್ದಾರೆ,” ದುಭಾಷಿ ಮತ್ತೊಮ್ಮೆ ಹೇಳಿದಳು. ಈ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಹೊರಗಿನಿಂದ ಬಂದವರ ಮಾತನ್ನು ಇಲ್ಲಿಯವರಿಗೆ, ಇಲ್ಲಿಯವರ ಮಾತನ್ನು ಅವರಿಗೆ ದಾಟಿಸುವುದು ಅವಳ ಕೆಲಸ.

ಇನ್‌ಸ್ಪೆಕ್ಟರಮ್ಮ ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಸಂಸ್ಥೆಯ ಕಾರು, ಮುಂದಿನ ದೀಪ ಒಡೆದು ನಿಂತಿತ್ತು. ಮೊನ್ನೆ ಸಂಜೆ ಅದು ರಸ್ತೆ ಗುಡಿಸುವ ಹೆಂಗಸಿಗೆ ಬಡಿದು, ನಿಲ್ಲದೆ ಹೋಗಿತ್ತು.

“ಮುಟ್ಟಲ್ಲಮ್ಮ. ನೋಡೋಕೂ ಅಪ್ಪಣೆ ಬೇಕಾ?”

ಎದುರಿಗಿದ್ದ ವಿದೇಶಿ ಮುಖ್ಯಸ್ಥರು ನಗಲಿಲ್ಲ. ಸಂಸ್ಥೆಯ ಆವರಣ, ವಾಹನ, ಅಧಿಕಾರಿಗಳು, ಯಾವುದಕ್ಕೂ ಇಲ್ಲಿನ ಕಾನೂನು ತಟ್ಟುವುದಿಲ್ಲ. ನಿಮ್ಮ ಸರ್ಕಾರವೇ ಕೊಟ್ಟ ವಿನಾಯಿತಿ ಇದು ಎಂದರು. ಅವಳು ಚಾಚೂ ತಪ್ಪದೆ ದಾಟಿಸಿದಳು.

ಮೂಲೆಯಲ್ಲಿ ಉಪಮುಖ್ಯಸ್ಥರು ಕೂತಿದ್ದರು. ಬಾಗಿಲಿಗೆ ತಲೆ ತಾಗುವಂಥ ಆಳು, ಹಿಡಿಯಷ್ಟಾಗಿದ್ದರು. ಮೊನ್ನೆ ಪಾರ್ಟಿಯಲ್ಲಿ ಕಂಠಮಟ್ಟ ಕುಡಿದಿದ್ದರು. ಎಚ್ಚರವಾದಾಗ ಇದೇ ಆವರಣದ ತಮ್ಮ ಮನೆಯಲ್ಲಿದ್ದರು, ಕಾರು ಈಗಿರುವಲ್ಲೇ ಅಂಗಳದಲ್ಲಿತ್ತು, ಕೀಲಿ ಜೇಬಿನಲ್ಲಿತ್ತು. ನಡುವೆ ಏನಾಯಿತೋ ನೆನಪಿಲ್ಲ.

“ನೀವೂ ಪಾರ್ಟೀಲಿದ್ರಂತೆ?” ಇನ್‌ಸ್ಪೆಕ್ಟರಮ್ಮ ದುಭಾಷಿಯನ್ನೇ ಕೇಳಿದರು.

“ಇದ್ದೆ ಮೇಡಂ. ಬೇಗ ಹೊರಟೆ.”

“ನಿಮಗೂ ಇದ್ಯೇನಮ್ಮಾ ಈ ವಿನಾಯಿತಿ?”

“ಎಲ್ಲಿ ಬಂತು! ಅಧಿಕಾರಿಗಳಿಗೆ ಮಾತ್ರ. ನಾನು ಇಲ್ಲಿಯವಳೇ.”

“ಹಾಗಾದ್ರೆ ನೀವು ನಮ್ಮ ಕೈಗೆ ಸಿಗೋರು ಬಿಡಿ.” ಇನ್‌ಸ್ಪೆಕ್ಟರಮ್ಮ ನಕ್ಕರು. “ಅಲ್ಲಾ, ಬರ್ತಾ ನೋಡ್ದೆ. ಡ್ರೈವರ್ ಸೀಟು ಅಷ್ಟು ಮುಂದಕ್ಕೆ ಎಳೆದಿದೆ. ಇಷ್ಟುದ್ದದ ಮನುಷ್ಯ ಮಂಡಿ ಎಲ್ಲಿಟ್ಕೊಂಡ್ರೋ!”

ಏನಂತೆ ಎಂಬಂತೆ ಮುಖ್ಯಸ್ಥರು ದುಭಾಷಿಯ ಮುಖ ನೋಡಿದರು. ಏನೋ ತಮಾಷೆ ಮಾಡುತ್ತಿದ್ದಾರೆ ಎಂದಳು. ಕಿವಿ ಬಿಸಿಯಾಯಿತು.

“ಆ ಹೆಂಗಸಿನ ಸೊಂಟ ಮುರಿದಿದೆ,” ಇನ್‌ಸ್ಪೆಕ್ಟರಮ್ಮ ಮುಂದುವರಿಸಿದರು. “ಇನ್ನು ಪೊರಕೆ ಹಿಡಿಯೋ ಹಾಗಿಲ್ಲ. ಗುದ್ದಿದವರು ಬಂದು ತಪ್ಪಾಯ್ತು ಅನ್ನಲಿ ಅಂತಾಳೆ. ನಾಯಿಗೆ ಗುದ್ದಿದ್ರೂ ಒಂದ್ಸಲ ಇಳಿದು ನೋಡ್ತಾರಲ್ಲ ಅಂತಾಳೆ.”

ಇದನ್ನು ದಾಟಿಸುವಾಗ ಅವಳ ಧ್ವನಿ ಕುಸಿಯಿತು. ಉಪಮುಖ್ಯಸ್ಥರು ಎದ್ದು ನಿಂತರು. ನನ್ನ ವಿನಾಯಿತಿ ತೆಗೆದುಹಾಕಿ, ಕೋರ್ಟಿಗೆ ಹೋಗುತ್ತೇನೆ ಎಂದರು. ಮುಖ್ಯಸ್ಥರು ಒಪ್ಪಲಿಲ್ಲ. ವಿನಾಯಿತಿ ನಿಮ್ಮ ಸ್ವತ್ತಲ್ಲ, ಸಂಸ್ಥೆಯದು. ನಾಳೆಯೇ ಕೆಲಸ ಬಿಡಿಸಿ ನಿಮ್ಮ ದೇಶಕ್ಕೆ ಕಳಿಸುತ್ತೇವೆ, ವಿಷಯ ಅಲ್ಲಿಗೆ ಮುಗಿಯಿತು ಎಂದರು.

“ಏನಂದ್ರು?”

ಅವಳು ಎಲ್ಲವನ್ನೂ ಹೇಳಿದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

“ಪಾಪ, ಇವರಿಗೆ ನಾಚಿಕೆಯಾದರೂ ಇದೆ,” ಎಂದು ಉಪಮುಖ್ಯಸ್ಥರತ್ತ ನೋಡಿ ಇನ್‌ಸ್ಪೆಕ್ಟರಮ್ಮ ಟೋಪಿ ಹಾಕಿಕೊಂಡು ಹೊರಟರು.

ದುಭಾಷಿ ಕೈಚೀಲ ತೆಗೆದುಕೊಂಡಳು. ಎಲ್ಲಿಗೆ ಎಂದು ಮುಖ್ಯಸ್ಥರು ಕೇಳಿದರು. ಅವಳು ಇನ್‌ಸ್ಪೆಕ್ಟರಮ್ಮನ ಹಿಂದೆಯೇ ಗೇಟು ದಾಟಿದಳು.

ಮೊನ್ನೆ ಸಂಜೆ ಉಪಮುಖ್ಯಸ್ಥರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಆ ಕಾರನ್ನು ಓಡಿಸಿದ್ದವಳು ಅವಳು.