ಕೊಪ್ಪರಿಗೆಯ ಮೇಲಿನ ಕೈ

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿದ್ದಂತೆ ಪಾಕ ನೋಡುವ ಚಲುವಯ್ಯ ಏನನ್ನೋ ಉದುರಿಸುವವನಂತೆ ಅದರ ಮೇಲೆ ಮುಷ್ಟಿ ಚಾಚಿ ಕೊಡವಿದ. ಬಾಗಿಲಲ್ಲಿದ್ದ ಪ್ರಮೀಳಾಗೆ ಸಿಟ್ಟೂ ಬರಲಿಲ್ಲ, ಅಷ್ಟು ದಣಿದಿದ್ದಳು. ಪಾಂಡವಪುರ ರಸ್ತೆಯ ಅಪ್ಪನ ಆಲೆಮನೆ ತನ್ನ ಕೈಗೆ ಬಂದಾಗಿನಿಂದ ಅವಳದು ಒಂದೇ ಮಾತು: ಬೆಲ್ಲ ಕಪ್ಪಾದರೆ ಆಗಲಿ, ಬಿಳಿ ಮಾಡುವ ಪುಡಿ ಬೇಡ. ಆಳುಗಳು ಎದುರಿಗೆ ತಲೆಯಾಡಿಸುತ್ತಿದ್ದರು, ಅವಳು ಅತ್ತ ತಿರುಗಿದೊಡನೆ ಡಬ್ಬಿ ತೆಗೆಯುತ್ತಿದ್ದರು. ಇನ್ನೊಮ್ಮೆ ಹಾಕಿದವರಿಗೆ ಇಲ್ಲಿ ಕೆಲಸವಿಲ್ಲ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದಳು.

“ಚಲುವಣ್ಣ, ನಾಳೆಯಿಂದ ಬರೋದು ಬ್ಯಾಡ.”

ಚಲುವಯ್ಯ ಸಾವಕಾಶವಾಗಿ ಹತ್ತಿರ ಬಂದು ಅಂಗೈಯನ್ನು ಅವಳ ಮೂಗಿನ ಬಳಿ ಹಿಡಿದ. ಬೆವರಿನ ವಾಸನೆಯಿತ್ತು, ಹೊಗೆಯ ವಾಸನೆಯಿತ್ತು. ಪುಡಿಯ ಘಾಟು ಇರಲಿಲ್ಲ.

“ಪುಡಿ ಬುಟ್ಟು ವಾರಾಯ್ತು ಕಣವ್ವ. ಹಾಲು ಉಕ್ತಿದ್ದಂಗೆ ಕೈ ತಾನಾಗೇ ಓಯ್ತದೆ, ಏನ್ ಮಾಡ್ಲಿ? ಬರಿಗೈನೇ ಕೊಡವ್ತೀನಿ. ಆಗ್ಲೇ ಸಮಾಧಾನ.”

ಪ್ರಮೀಳಾ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತಳು. ಮುಂದಿನ ಕೊಪ್ಪರಿಗೆ ಉಕ್ಕಿ ಬಂದಾಗ ಚಲುವಯ್ಯ ಅವಳನ್ನೇ ನೋಡುತ್ತ ಕೈಕಟ್ಟಿ ನಿಂತಿದ್ದ.

“ನನ್ ಮುಖ ಏನ್ ನೋಡ್ತೀಯ?” ಎಂದಳು. “ಬರಿಗೈ ತಾನೇ, ಆಕ್ಬುಡಣ್ಣ.”