ಒಂದೂಕಾಲು ಅಡಿ ಕೆಳಗೆ

“ಇಳಿಸಲ್ಲ ಅಂದ್ರೆ ಇಳಿಸಲ್ಲ,” ಎಂದು ಫ್ರೇಮಿನವರು ಸುತ್ತಿಗೆಯನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು. “ಚಿತ್ರದ ನಡುಮಧ್ಯ ನೆಲದಿಂದ ಐದಡಿಗೆ ಬರ್ಬೇಕು. ನಿಂತವರ ಕಣ್ಣಿಗೆ ನೇರ. ಮೂವತ್ತೆಂಟು ವರ್ಷ ಊರಿಗೆಲ್ಲ ಇದನ್ನೇ ಹೇಳಿದೀನಿ.”

“ಊರಿಗೆ ಹೇಳಿದ್ದು ಸಾಕು ರೀ. ನಾಡಿದ್ದು ನಮ್ಮ ಮಗಳು ಗಾಲಿಕುರ್ಚಿಯಲ್ಲಿ ಬರ್ತಾಳೆ,” ಎಂದರು ಅವರ ಹೆಂಡತಿ. “ಸ್ವಿಚ್ ಇಳಿಸಿದ್ರಿ, ಬಚ್ಚಲ ಬಾಗಿಲು ಒಡೆಸಿ ಅಗಲ ಮಾಡಿಸಿದ್ರಿ. ಅವಳ ಚಿತ್ರಗಳು ಏನು ಪಾಪ ಮಾಡಿದ್ವು?”

“ಸ್ವಿಚ್ಚಿನ ಮಾತು ಬೇರೆ ಕಣೆ. ಚಿತ್ರ ಇಳಿಸಿದ್ರೆ, ಇವಳಿನ್ನು ಎದ್ದು ನಿಲ್ಲಲ್ಲ ಅಂತ ನಾವೇ ಬರೆದುಕೊಟ್ಟ ಹಾಗೆ.”

ಅಲ್ಲಿಗೆ ಮಾತು ಮುಗಿಯಿತು. ಚಿತ್ರಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಇಟ್ಟು ಬದುಕಿದ ಮನುಷ್ಯ, ಊಟಕ್ಕೆ ಕೂತರೂ ಕಿವಿಯ ಮೇಲಿನ ಪೆನ್ಸಿಲ್ ಇಳಿಸದ ಆಸಾಮಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಸಾಲಿನಲ್ಲಿ ಮೊದಲು ನಿಲ್ಲುವವರು. ಮಗಳ ಕೋಣೆಯ ಗೋಡೆಯ ಮೇಲಿದ್ದ ಒಂಬತ್ತು ಚಿತ್ರಗಳೂ ಅವಳೇ ಬರೆದವು: ರೈಲು ನಿಲ್ದಾಣದ ಬೆಂಚು, ಒಣಗಲು ಹಾಕಿದ ಅಂಗಿಗಳು, ನಿದ್ದೆಹೋದ ಕಾವಲುಗಾರ, ಅಮ್ಮನ ಒಡೆದ ಹಿಮ್ಮಡಿ. ಬಸ್ಸು ಉರುಳಿ ಅವಳ ಬೆನ್ನುಹುರಿಗೆ ಏಟು ಬಿದ್ದು ನಾಲ್ಕು ತಿಂಗಳಾಗಿತ್ತು. ದೂರದ ಆಸ್ಪತ್ರೆ. ಮೊದಲ ತಿಂಗಳು ಇವರಿಬ್ಬರೂ ಅಲ್ಲೇ ಇದ್ದರು. ಆಮೇಲೆ ಮಗ ತಾನು ಉಳಿದುಕೊಂಡು ಇವರನ್ನು ಮನೆಗೆ ಕಳಿಸಿದ. ದಿನಾ ಸಂಜೆ ಫೋನಿನಲ್ಲಿ ಅವನದು ಒಂದೇ ಮಾತು, “ಪರವಾಗಿಲ್ಲ ಅಪ್ಪ. ಈಗ ಕೂತ್ಕೋತಾಳೆ.”

ಮರುದಿನ ಬೆಳಿಗ್ಗೆ ಬಾಡಿಗೆಯ ಗಾಲಿಕುರ್ಚಿ ಬಂತು. ಹೆಂಡತಿ ಒಳಗೆ ಹೋಗುವವರೆಗೂ ಫ್ರೇಮಿನವರು ಅದರತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ, ಬ್ರೇಕು ಸರಿಯಾಗಿ ಹಿಡಿಯುತ್ತದೋ ಇಲ್ಲವೋ ನೋಡೋಣ ಎಂದು ತಮಗೆ ತಾವೇ ನೆಪ ಹೇಳಿಕೊಂಡು, ಅದನ್ನು ಮಗಳ ಕೋಣೆಗೆ ತಳ್ಳಿಕೊಂಡು ಹೋಗಿ ಕೂತರು. ತಲೆ ಎತ್ತಿದರೆ ಚಿತ್ರವೇ ಕಾಣದು. ಗಾಜಿನ ತುಂಬ ಟ್ಯೂಬ್‌ಲೈಟಿನ ಬಿಳಿ ಹೊಳಪು. ಕುರ್ಚಿಯನ್ನು ಆಚೆ ತಳ್ಳಿ ನೋಡಿದರು, ಈಚೆ ತಳ್ಳಿ ನೋಡಿದರು. ಎಲ್ಲ ಗಾಜಿನಲ್ಲೂ ಅದೇ ಬಿಳಿ. ಇಲ್ಲಿ ಕೂತು ಮಗಳು ದಿನವಿಡೀ ಇದನ್ನು ನೋಡಬೇಕು ಎಂದುಕೊಂಡಾಗ ಅವರಿಗೆ ಅಳು ಬಂತು. ಹೆಂಡತಿ ಯಾವಾಗ ಬಾಗಿಲಿಗೆ ಬಂದು ನಿಂತರೋ ಗೊತ್ತಾಗಲಿಲ್ಲ. ಆಕೆ ಅಳತೆಯ ಟೇಪು ತಂದು ಗಂಡನ ತೊಡೆಯ ಮೇಲಿಟ್ಟರು.

“ಎಷ್ಟು ಇಳಿಸ್ಬೇಕು?”

“ಒಂದೂಕಾಲು ಅಡಿ. ಅವಳು ನನಗಿಂತ ಗಿಡ್ಡ.”

ಆ ದಿನ ಇಬ್ಬರಿಗೂ ಅದೇ ಕೆಲಸ. ಒಂಬತ್ತನ್ನೂ ನೆಲದ ಮೇಲೆ ಹಾಸಿದ ಬೆಡ್‌ಶೀಟಿನ ಮೇಲೆ ಜೋಡಿಸಿ, ಕಲಸಿ, ಮತ್ತೆ ಜೋಡಿಸಿದರು. ಗೋಡೆಗೆ ಅಡ್ಡಲಾಗಿ ದಾರ ಎಳೆದರು. ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ಇವರ ಹಲ್ಲಿನಲ್ಲಿ.

“ನನ್ನ ಒಡೆದ ಹಿಮ್ಮಡಿ ತಂದು ನಡುಮಧ್ಯಕ್ಕೆ ಹಾಕಿದೀರಲ್ಲ. ಬಂದವರು ನೋಡಿ ನಗಲಿ ಅಂತಲಾ?”

“ಅದರಷ್ಟು ಚೆನ್ನಾಗಿ ಅವಳು ಬೇರೆ ಯಾವುದನ್ನೂ ಬರೆದಿಲ್ಲ,” ಎಂದರು ಫ್ರೇಮಿನವರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆಕೆ ನಕ್ಕರು. ಅಷ್ಟಕ್ಕೇ ಬಿಟ್ಟರೆ ಫ್ರೇಮಿನವರು ಹೇಗಾದಾರು? ಮೇಲಿನ ಹಳೆಯ ಮೊಳೆಯ ತೂತುಗಳಿಗೆಲ್ಲ ಪುಟ್ಟಿ ತುಂಬಿ, ಉಜ್ಜಿ, ಉಳಿದಿದ್ದ ಬಣ್ಣ ಹಚ್ಚಿದರು. ಸಂಜೆಯ ಹೊತ್ತಿಗೆ ಗೋಡೆಯ ಮೇಲಿನ ಅರ್ಧ ಹೊಸದಾಗಿ ಕಟ್ಟಿದಂತೆ ಕಂಡಿತು. ಮಂಚವನ್ನೂ ಆ ಗೋಡೆಗೆ ಎದುರಾಗಿ ತಿರುಗಿಸಿದರು. ಹಾಸಿಗೆಯಲ್ಲಿ ಎದ್ದು ಕೂತಾಗಲೂ ಅವಳಿಗೆ ಚಿತ್ರಗಳು ಕಾಣಲಿ ಎಂಬುದು ಅವರ ಲೆಕ್ಕ.

ಮರುದಿನ ಆಂಬುಲೆನ್ಸ್ ಬಂದಾಗ ಫ್ರೇಮಿನವರು ಗಾಲಿಕುರ್ಚಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಇಬ್ಬರು ಸ್ಟ್ರೆಚರ್ ಇಳಿಸಿದರು. ಮಗಳು ಅಂಗಾತ ಮಲಗಿದ್ದಳು. ಕತ್ತಿನ ಸುತ್ತ ಗಟ್ಟಿ ಪಟ್ಟಿ, ಎದೆಯ ಮೇಲೊಂದು ಬೆಲ್ಟು. ಕುರ್ಚಿಯನ್ನು ಬದಿಗೆ ಸರಿಸಿ ದಾರಿ ಬಿಡಬೇಕಾಯಿತು.

“ಕೂತ್ಕೋತಾಳೆ ಅಂದಿದ್ಯಲ್ಲೋ,” ಎಂದರು ಜೊತೆಯಲ್ಲಿ ಬಂದಿಳಿದ ಮಗನಿಗೆ, ಮೆಲ್ಲಗೆ.

“ಕೂರಿಸೋಕೆ ನೋಡಿದ್ರು ಅಪ್ಪ, ಆಗ್ಲಿಲ್ಲ. ನಿಮಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ.”

“ಇನ್ನು ಯಾವಾಗ ಆಗುತ್ತಂತೆ?”

ಮಗ ತಲೆ ತಗ್ಗಿಸಿ, ತಂಗಿಯ ಬಟ್ಟೆಯ ಚೀಲ ಎತ್ತಿಕೊಂಡು ಒಳಗೆ ಹೋದ.

ಅವಳನ್ನು ಮಂಚಕ್ಕೆ ಇಳಿಸಿದರು. ಅಮ್ಮ ಹೊದಿಕೆ ಸರಿಮಾಡಿ, ಹಣೆ ಸವರಿ, “ಮನೆಗೆ ಬಂದ್ಯಲ್ಲ, ಸಾಕು,” ಎಂದರು. ಮಗಳ ಕತ್ತು ತಿರುಗುವಂತಿರಲಿಲ್ಲ. ಕಣ್ಣು ಮಾತ್ರ ಸೂರನ್ನೆಲ್ಲ ಸುತ್ತಿ, ನಿಧಾನವಾಗಿ ಎದುರಿನ ಗೋಡೆಗೆ ಇಳಿದು, ಹೊಸ ಬಣ್ಣ ಹಚ್ಚಿದ ಜಾಗದಲ್ಲಿ ನಿಂತಿತು. ಅದಕ್ಕಿಂತ ಕೆಳಗಿನದೆಲ್ಲ ಮಂಚದ ಕಾಲುಕಡೆಯ ಹಲಗೆಯ ಹಿಂದಿತ್ತು.

“ಎಲ್ಲಾ ತೆಗೆದುಬಿಟ್ರಾ ಅಪ್ಪ?” ಎಂದಳು. ಫ್ರೇಮಿನವರು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕಣ್ಣು ಮುಚ್ಚಿಕೊಂಡು ಹೇಳಿದಳು, “ಒಳ್ಳೇದೇ ಆಯ್ತು ಬಿಡಿ. ನಾನೇ ಹೇಳೋಣ ಅಂತಿದ್ದೆ.”