ಸಿಪ್ಪೆಯಿಲ್ಲದ ಈರುಳ್ಳಿ

ಮಧ್ಯಾಹ್ನವಾದರೂ ಪೋಲಿಕ್ಸೇನಿಯ ಮನೆಯ ಚಿಮಣಿಯಿಂದ ಹೊಗೆ ಏಳಲಿಲ್ಲ. ಲಿಗೋರ್ ಎರಡು ಸಲ ಆ ಮನೆಯ ಮುಂದೆ ಹಾದುಹೋದ. ಮತ್ತೆ ಬಂದು ನಿಂತ.

ಒಳಗಿನಿಂದ ಅಳು ಕೇಳುತ್ತಿತ್ತು.

ಹಿಂದಿನ ದಿನ ತಿರಾನಾ ರೇಡಿಯೋ ಹಾಡು ನಿಲ್ಲಿಸಿ ಸುದ್ದಿ ಹೇಳಿತ್ತು: ನಾಯಕರು ಇನ್ನಿಲ್ಲ. ಅಲ್ಬೇನಿಯಾದ ಬೆಟ್ಟಬೆಟ್ಟಕ್ಕೂ ಅಳುವ ಅಪ್ಪಣೆಯಾಯಿತು. ಲಿಗೋರ್ ಊರಿನ ಸಂಸ್ಕೃತಿ ಭವನದ ಕಾರ್ಯದರ್ಶಿ. ಅವನಿಗೆ ಜಿಲ್ಲೆಯಿಂದ ಬಂದದ್ದು ಒಂದೇ ಮಾತು. ಪತ್ರಿಕೆಗೆ ಒಬ್ಬ ಅಳುವ ತಾಯಿ ಬೇಕು, ಸಂಜೆಯೊಳಗೆ. ಕಣ್ಣೀರಿಲ್ಲದ ಊರಿನ ಕಾರ್ಯದರ್ಶಿಗೆ ಕ್ರೋಮ್ ಗಣಿಯ ಕೂಲಿ ಶಿಕ್ಷೆ ಕಾದಿರುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಗಿನ ಸಭೆಯಲ್ಲಿ ಅವನು ಕರವಸ್ತ್ರದೊಳಗೆ ಈರುಳ್ಳಿ ಹೋಳು ಮುಚ್ಚಿಟ್ಟುಕೊಂಡು ಅತ್ತಿದ್ದ.

ಪೋಲಿಕ್ಸೇನಿ ಅವನ ಸೋದರತ್ತೆ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು. ಸರಕಾರ ದೇವರನ್ನು ರದ್ದು ಮಾಡಿದ ವರ್ಷ ಇಗರ್ಜಿಯ ಶಿಲುಬೆ ಗೋಪುರ ಹತ್ತಿ ಗಂಟೆಯನ್ನು ಕೆಡವಿದ ಹುಡುಗರಲ್ಲಿ ಇವನೇ ಮುಂದು. ಊರಿಗೆ ಹುಟ್ಟು, ಸಾವು, ಹಬ್ಬ ಎಲ್ಲವನ್ನೂ ಸಾರುತ್ತಿದ್ದ ಗಂಟೆ ನೆಲಕ್ಕೆ ಬಿದ್ದಾಗ ಅತ್ತೆ ಕೆಳಗೆ ನಿಂತಿದ್ದಳು. ಬೈಯಲಿಲ್ಲ. ಅಂದಿನಿಂದಲೂ ಅವನಿಗೆ ಊಟ ಬಡಿಸಿದಳು, ಹರಿದ ಅಂಗಿ ಹೊಲಿದುಕೊಟ್ಟಳು. ಕಣ್ಣೆತ್ತಿ ಅವನ ಮುಖ ಮಾತ್ರ ನೋಡಲಿಲ್ಲ.

ಅವನು ಬಾಗಿಲು ತಳ್ಳಿದ. ತಣ್ಣನೆಯ ಒಲೆಯ ಪಕ್ಕ ಅತ್ತೆ ಕಪ್ಪು ವಸ್ತ್ರ ತಲೆಗೆ ಕಟ್ಟಿಕೊಂಡು ಕುಳಿತಿದ್ದಳು. ಕಣ್ಣು ಊದಿಕೊಂಡಿದ್ದವು. ಕಾಲ ಬಳಿ ಒಂದು ಬುಟ್ಟಿ ಈರುಳ್ಳಿ. ಒಂದಕ್ಕೂ ಸಿಪ್ಪೆಯಿಲ್ಲ.

ಓಹೋ, ಅತ್ತೆಯೂ ನನ್ನ ದಾರಿಗೇ ಬಂದಳು ಅಂದುಕೊಂಡ. ಒಂದನ್ನು ಎತ್ತಿ ನೋಡಿದ. ಚಾಕು ಸೋಕಿರಲಿಲ್ಲ. ಮೇಲಿನ ಒಣ ಸಿಪ್ಪೆಯಷ್ಟೇ ಹೋಗಿತ್ತು. ಒಳಗಿನದು ಇಡಿಯಾಗಿತ್ತು, ಘಾಟೂ ಇರಲಿಲ್ಲ.

ಅಂದರೆ ಕಣ್ಣೀರು ನಿಜವಾದದ್ದು.

"ಏನಾದ್ರೂ ತಿಂದ್ಯಾ ಅತ್ತೆ?"

"ಇವತ್ತು ಗಂಟಲಲ್ಲಿ ಇಳಿಯೋದುಂಟಾ?"

ಗಣಿ ತಪ್ಪಿತೆಂದು ಅವನಿಗೆ ಹಗುರಾಗಬೇಕಿತ್ತು. ಬದಲಿಗೆ ನಾಚಿಕೆ ಆವರಿಸಿತು. ಊರೆಲ್ಲ ಬಾಗಿದರೂ ಬಾಗದವಳು ಇವಳೊಬ್ಬಳು ಎಂದು ಅವನು ಒಳಗೊಳಗೇ ನಂಬಿದ್ದ. ಬಾಗಿದ ಬೆನ್ನಿಗೆ ನೆಟ್ಟಗೆ ನಿಂತವರ ನೆರಳೇ ಆಸರೆ. ಇವಳನ್ನೂ ಮುರಿದೆವಲ್ಲ.

ಆದರೂ ಹೋಗಿ ಜಿಲ್ಲೆಗೆ ಫೋನು ಮಾಡಿದ. ಸಂಜೆಯೊಳಗೆ ಜಿಲ್ಲೆಯ ಕಾಮ್ರೇಡ್ ಬಾರ್ಧಿಲ್ ಜೀಪಿನಿಂದ ಇಳಿದು ಬಂದ. ಕಂಕುಳಲ್ಲಿ ನಾಯಕರ ಚಿತ್ರಪಟ, ಕೈಯಲ್ಲಿ ಸುತ್ತಿಗೆ.

"ಅಮ್ಮಾ, ಈ ಪಟ ನಿಮ್ಮ ಮನೆಗೇ. ಗೋಡೆ ತೋರ್ಸಿ."

ಅವನು ಮೊಳೆ ಊರಿದ್ದೇ ತಡ, ಮುದುಕಿ ಧಡಕ್ಕನೆ ಎದ್ದು ಗೋಡೆಗೆ ಮೈಯೊಡ್ಡಿ ನಿಂತಳು.

"ಮೊಳೆ ಬೇಡ! ಇವತ್ತು ನನ್ನ ಮನೇಲಿ ಮೊಳೆ ಹೊಡೀಬೇಡಿ!"

ಲಿಗೋರ್ ಅವಳ ತೋಳು ಹಿಡಿದ. ಬಾರ್ಧಿಲ್ ಹುಬ್ಬು ಗಂಟಿಕ್ಕಿದ. "ಯಾಕೆ?"

"ಆ ಸದ್ದು ತಡ್ಕೊಳಕ್ಕಾಗಲ್ಲ ಕಣಪ್ಪಾ. ಬೇರೆ ದಿನ ಬಂದು ಎಷ್ಟು ಬೇಕಾದ್ರೂ ಹೊಡ್ಕೋ. ಇವತ್ತೊಂದು ದಿನ ಬೇಡ."

ಬಾರ್ಧಿಲ್ ಸುತ್ತಿಗೆ ಕೆಳಗಿಟ್ಟ. ಟೋಪಿ ತೆಗೆದ. ಹೊರಗೆ ಬಂದ ಮೇಲೆ ಲಿಗೋರನ ಬೆನ್ನು ತಟ್ಟಿದ. "ಎಂಥಾ ತಾಯಿನಪ್ಪಾ ನಿಮ್ಮೂರಲ್ಲಿರೋದು! ಸುತ್ತಿಗೆ ಸದ್ದು ಶವಪೆಟ್ಟಿಗೆ ಮುಚ್ಚೋ ಸದ್ದಿನ ಹಾಗೆ ಕೇಳ್ಸಿರಬೇಕು. ಪತ್ರಿಕೆಗೆ ಅಂತ ಕೂತು ಕತೆ ಕಟ್ಟಿದ್ರೂ ಇಂಥದ್ದು ನನ್ನ ಕೈಲಿ ಆಗ್ತಿರ್ಲಿಲ್ಲ."

ಜೀಪು ಹೋದ ಮೇಲೆ ಪಕ್ಕದ ಮನೆಯ ಒಲಿಂಬಿ ಬೇಲಿಯಾಚೆಯಿಂದ ಕುಟುಕಿದಳು. "ಕಟ್ಕೊಂಡ ಗಂಡ ಸತ್ತಾಗ್ಲೂ ಇಷ್ಟು ಅಳ್ಲಿಲ್ಲ ಮಹಾತಾಯಿ. ಪಿಂಚಣಿ ಏರ್ಸ್ತಾರೇನೋ, ವಿಚಾರ್ಸು ಲಿಗೋರ್."

ಅವನು ತಲೆ ತಗ್ಗಿಸಿಕೊಂಡು ನಡೆದ.

ಮರುದಿನ ಪತ್ರಿಕೆಯಲ್ಲಿ ಬಂತು: 'ಒಲೆ ಹಚ್ಚದ ತಾಯಿ'. ಸಂಜೆಗೆ ರೇಡಿಯೋದಲ್ಲಿ ದಕ್ಷಿಣದ ತಾಯಂದಿರೆಲ್ಲ ಅನ್ನ ನೀರು ಬಿಟ್ಟಿದ್ದರು. ಅದರ ಮಾರನೆಯ ಬೆಳಗಿನ ಹೊತ್ತಿಗೆ ಕತೆಗೆ ರೆಕ್ಕೆ ಮೂಡಿತ್ತು: ಗೋಡೆಗೆ ಊರಿದ ಮೊಳೆ ದುಃಖ ತಾಳಲಾರದೆ ತಾನೇ ಬಾಗಿತಂತೆ. ಸಂಸ್ಕೃತಿ ಭವನದ ಮುಂದೆ ಜನ ತಲೆಯಾಡಿಸುತ್ತ ಕೇಳಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಲಿಗೋರನ ಕಿವಿ ಕಾದ ಹಂಚಿನಂತೆ ಸುಡುತ್ತಿತ್ತು. ಅತ್ತೆಯ ಕಣ್ಣೀರನ್ನು ತಾನೇ ಮಾರಿದೆ. ಈಗ ಅದು ಮೊಳೆಯನ್ನೂ ಬಾಗಿಸುತ್ತಿದೆ.

ಆಗ ಕಂಡಿತು. ಅತ್ತೆಯ ಚಿಮಣಿಯಿಂದ ಹೊಗೆ.

ಎದ್ದೆನೋ ಬಿದ್ದೆನೋ ಎಂದು ಓಡಿದ. ನಾಯಕರನ್ನು ಇನ್ನೂ ಮಣ್ಣು ಮಾಡಿರಲಿಲ್ಲ. ಅದು ನಾಳೆಗೆ. ದೇಶಕ್ಕೆಲ್ಲ ಉಪವಾಸ ಕಲಿಸಿದವಳ ಒಲೆ ಉರಿಯುವುದನ್ನು ಬಾರ್ಧಿಲ್ ಕಂಡರೆ?

ಅತ್ತೆ ಬಾಗಿಲು ತೆರೆದು ಅವನನ್ನು ಒಳಗೆಳೆದುಕೊಂಡು ಅಗುಳಿ ಹಾಕಿದಳು. ಕಪ್ಪು ವಸ್ತ್ರ ಹೋಗಿ ಬಿಳಿಯದು ಬಂದಿತ್ತು. ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತಿತ್ತು.

"ಅತ್ತೆ, ಹೊಗೆ ಊರಿಗೆಲ್ಲ ಕಾಣ್ತಿದೆ! ಇನ್ನೊಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ? ಇಬ್ರನ್ನೂ ಎಳ್ಕೊಂಡು ಹೋಗ್ತಾರೆ."

"ಕೈ ಚಾಚು."

ಮಡಿಲಿನಿಂದ ತೆಗೆದು ಅವನ ಅಂಗೈಯಲ್ಲಿ ಏನನ್ನೋ ಇಟ್ಟಳು. ಬೇಯಿಸಿದ ಮೊಟ್ಟೆ. ಇನ್ನೂ ಬೆಚ್ಚಗಿತ್ತು. ಈರುಳ್ಳಿ ಸಿಪ್ಪೆಯ ಬಣ್ಣ ಹೀರಿ ಕೆಂಪಗಾಗಿತ್ತು. ಇಗರ್ಜಿಯ ಗಂಟೆ ಇದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಹಬ್ಬದ ಬೆಳಗ್ಗೆ ಇಂಥದ್ದೇ ಕೊಡುತ್ತಿದ್ದಳು. ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅದನ್ನು ಮುಚ್ಚಿದಳು. ಆಮೇಲೆ, ಅಷ್ಟು ವರ್ಷಗಳ ಮೇಲೆ, ಕಣ್ಣೆತ್ತಿ ಅವನ ಮುಖ ನೋಡಿದಳು.

"ಆ ಗಂಟೆ ಇದ್ದಿದ್ರೆ ನಿಂಗೂ ಗೊತ್ತಾಗ್ತಿತ್ತು ಮಗಾ," ಅಂದಳು, "ಶುಕ್ರವಾರ ನಾನು ಅತ್ತಿದ್ದು ಯಾರಿಗೋಸ್ಕರ, ಇವತ್ತು ಭಾನುವಾರ ಎದ್ದು ಬಂದವನು ಯಾರು ಅಂತ."